ನಡೆವ ಹೆಣಗಳೂ ಎಳೆಯ ಓದುಗರೂ

ಸತ್ತವರು ಗೋರಿಯಿಂದ ಎದ್ದು ಬಂದು ಬದುಕಿರುವವರನ್ನು ಅಟ್ಟಿಸಿಕೊಂಡು ಹೋಗುವ ಕಥೆಗಳನ್ನು ಚಿತ್ರಗಳಲ್ಲಿ ಹೇಳುವ ಕಾಮಿಕ್ಸ್ ಪುಸ್ತಕಗಳು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಹದಿಹರೆಯದವರ ಮೆಚ್ಚಿನ ಓದಾಗಿ ಬೆಳೆದಿವೆ. ಹೀಗೆ ಎದ್ದು ನಡೆಯುವ ಹೆಣಕ್ಕೆ ಜೋಂಬಿ ಎಂದು ಹೆಸರು. ದೆವ್ವಕ್ಕೆ ದೇಹವಿಲ್ಲದಿದ್ದರೂ ನೆನಪು, ಆಸೆ, ಸೇಡುಗಳಿರುತ್ತವೆ. ಜೋಂಬಿಗಾದರೋ ದೇಹವೂ ಹಸಿವೂ ಇದ್ದು, ಮಾತಾಗಲಿ ನೆನಪಾಗಲಿ ತನ್ನದೆಂಬ ಇಚ್ಛೆಯಾಗಲಿ ಇರುವುದಿಲ್ಲ. ಭಾರತೀಯ ಕಾವ್ಯಮೀಮಾಂಸೆಯು ಭಯವನ್ನು ಸ್ಥಾಯಿಯಾಗಿ, ಎಂದರೆ ನೆಲೆನಿಂತ ಮೂಲಭಾವವಾಗಿ, ಉಳ್ಳ ಭಯಾನಕವನ್ನೂ ಜುಗುಪ್ಸೆಯನ್ನು, ಎಂದರೆ ಹೇಸಿಗೆಯನ್ನು, ಸ್ಥಾಯಿಯಾಗಿ ಉಳ್ಳ ಬೀಭತ್ಸವನ್ನೂ ಎರಡು ಬೇರೆ ರಸಗಳೆಂದು ಗುರುತಿಸಿದೆ. ಜೋಂಬಿ ಕಥೆಗಳಲ್ಲಿ ಇವೆರಡೂ ಬೆರೆತಿರುತ್ತವೆ. ಮಕ್ಕಳ ಕೈಯಲ್ಲಿ ಇಂಥ ಪುಸ್ತಕವನ್ನು ಕಂಡ ಹಿರಿಯರ ಕಣ್ಣಿಗೆ ಮೊದಲು ಬೀಳುವುದು ಬೀಭತ್ಸವೇ. ಆದರೆ ಈ ಬಗೆಯ ಕಥೆಗಳಲ್ಲಿ ಒಳ್ಳೆಯವು ಬೀಭತ್ಸದಲ್ಲಿ ನಿಲ್ಲದೆ ಶೋಕವನ್ನು ಸ್ಥಾಯಿಯಾಗಿ ಉಳ್ಳ ಕರುಣ ರಸದವರೆಗೆ ಓದುಗನನ್ನು ಕರೆದೊಯ್ಯುತ್ತವೆ. ಯಾವ ಕಥೆ ಹಾಗೆ ಕರೆದೊಯ್ಯುತ್ತದೆ, ಯಾವುದು ಹೇಸಿಗೆಯಲ್ಲೇ ಉಳಿಯುತ್ತದೆ ಎಂಬ ಭೇದವನ್ನು ಪುಸ್ತಕವನ್ನು ಪೂರ್ತಿ ಓದದೆ ತಿಳಿಯಲು ಸಾಧ್ಯವಿಲ್ಲ. ಓದದೆ ನಿಷೇಧಿಸಲು ಹೊರಟಾಗ ಏನಾಗುತ್ತದೆ ಎಂಬುದನ್ನು ಇಪ್ಪತ್ತನೆಯ ಶತಮಾನದ ಅಮೆರಿಕದ ಚರಿತ್ರೆ ವಿವರವಾಗಿ ತೋರಿಸಿಕೊಟ್ಟಿದೆ.

ಜೋಂಬಿಯ ಕಲ್ಪನೆ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಹೈಟಿ ದೇಶದ ಜನಪದ ನಂಬಿಕೆಗಳಲ್ಲಿ. ಆ ನಾಡು ಫ್ರೆಂಚರ ವಸಾಹತಾಗಿದ್ದಾಗ ಆಫ್ರಿಕದಿಂದ ಹಿಡಿದು ತಂದ ಲಕ್ಷಾಂತರ ಮಂದಿಯನ್ನು ಅಲ್ಲಿನ ಕಬ್ಬಿನ ತೋಟಗಳಲ್ಲಿ ಗುಲಾಮರನ್ನಾಗಿ ದುಡಿಸಲಾಗುತ್ತಿತ್ತು. 1791ರಲ್ಲಿ ದಂಗೆಯೆದ್ದ ಈ ಗುಲಾಮರು 1804ರಲ್ಲಿ ಸ್ವತಂತ್ರ ರಾಷ್ಟ್ರವನ್ನೇ ಕಟ್ಟಿಕೊಂಡರು. ಮಾಂತ್ರಿಕನೊಬ್ಬನು ಸತ್ತವನನ್ನು ಗೋರಿಯಿಂದ ಎಬ್ಬಿಸಿ ತನ್ನ ಹೊಲದಲ್ಲಿ ಕೊನೆಯಿಲ್ಲದೆ ದುಡಿಸಿಕೊಳ್ಳಬಲ್ಲನೆಂಬ ನಂಬಿಕೆ ಅಲ್ಲಿ ಬೇರೂರಿತು. ಹೈಟಿಯ ಜನರು ಹೆದರುತ್ತಿದ್ದುದು ಜೋಂಬಿಯೊಂದು ಬಂದು ತಮ್ಮನ್ನು ತಿಂದೀತೆಂದಲ್ಲ, ತಾವೇ ಜೋಂಬಿಗಳಾಗಿ ಸಾವಿನ ನಂತರವೂ ಗುಲಾಮಗಿರಿಯಿಂದ ಬಿಡುಗಡೆ ಕಾಣದೆ ಹೋದೇವೆಂದು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಆ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ, 1929ರಲ್ಲಿ ಪ್ರಕಟವಾದ ವಿಲಿಯಂ ಸೀಬ್ರೂಕನ ಪ್ರವಾಸ ಗ್ರಂಥದ ಮೂಲಕ ಈ ನಂಬಿಕೆ ಅಮೆರಿಕದ ಓದುಗರಿಗೆ ಪರಿಚಯವಾಗಿ, 1932ರಲ್ಲಿ 'ವೈಟ್ ಜೋಂಬಿ' ಎಂಬ ಚಲನಚಿತ್ರವಾಯಿತು. ದುಡಿಮೆಗೆ ಸಿಕ್ಕಿಬಿದ್ದವನ ಸಂಕಟವಾಗಿದ್ದುದು ಸಮುದ್ರ ದಾಟುವಷ್ಟರಲ್ಲಿ ನೋಡುಗನನ್ನು ಬೆಚ್ಚಿಬೀಳಿಸುವ ವಸ್ತುವಾಗಿ ಮಾರ್ಪಟ್ಟಿತು.

ಕಾಮಿಕ್ಸ್ ಪುಟಗಳಲ್ಲಿ ಎದ್ದು ನಡೆಯುವ ಹೆಣಕ್ಕೆ ದೊಡ್ಡ ಸ್ಥಾನ ದೊರೆತದ್ದು 1950ರಲ್ಲಿ. ಇಸಿ ಎಂಬ ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆಯನ್ನು ಸ್ಥಾಪಿಸಿದ್ದ ಮ್ಯಾಕ್ಸ್ ಗೇನ್ಸ್ ಬೈಬಲ್ಲಿನ ಕಥೆಗಳನ್ನು ಚಿತ್ರರೂಪದಲ್ಲಿ ಪ್ರಕಟಿಸುತ್ತಿದ್ದವನು. 1947ರಲ್ಲಿ ದೋಣಿಯ ಅಪಘಾತವೊಂದರಲ್ಲಿ ಅವನು ತೀರಿಕೊಂಡ ಬಳಿಕ ಅವನ ಮಗ ವಿಲಿಯಂ ಗೇನ್ಸ್, ಸಂಪಾದಕ ಆಲ್ ಫೆಲ್ಡ್‌ಸ್ಟೈನನ ಜೊತೆಗೂಡಿ 'ಟೇಲ್ಸ್ ಫ್ರಮ್ ದ ಕ್ರಿಪ್ಟ್', 'ದ ವಾಲ್ಟ್ ಆಫ್ ಹಾರರ್', 'ದ ಹಾಂಟ್ ಆಫ್ ಫಿಯರ್' ಎಂಬ ಮೂರು ಭಯಾನಕ ಪತ್ರಿಕೆಗಳನ್ನು ಹೊರತಂದನು. ಹತ್ತು ಸೆಂಟ್ ಬೆಲೆಯ ಈ ಪತ್ರಿಕೆಗಳನ್ನು ಹುಡುಗರು ತಮ್ಮ ಕೈಖರ್ಚಿನ ಹಣದಿಂದಲೇ ಕೊಳ್ಳಬಹುದಾಗಿತ್ತು. ಇವುಗಳಲ್ಲಿ ಬರುವ ಹೆಣಗಳಿಗೆ ನೆನಪು ಇನ್ನೂ ಉಳಿದಿತ್ತು. ತಮಗಾದ ಅನ್ಯಾಯಕ್ಕೆ ಲೆಕ್ಕ ತೀರಿಸಲೆಂದೇ ಅವು ಮಣ್ಣಿನಿಂದ ಏಳುತ್ತಿದ್ದವು. 1952ರಲ್ಲಿ ಗ್ರಹಾಂ ಇಂಗೆಲ್ಸ್ ಚಿತ್ರಿಸಿದ 'ಪೊಯೆಟಿಕ್ ಜಸ್ಟಿಸ್' ಎಂಬ ಕಥೆಯನ್ನು ಉದಾಹರಣೆಯಾಗಿ ನೋಡಬಹುದು. ಅದರಲ್ಲಿ ಕಸ ಸಂಗ್ರಹಿಸಿ ಬದುಕುವ ಬಡ ಮುದುಕನೊಬ್ಬನು ನೆರೆಹೊರೆಯ ಮಕ್ಕಳ ಅಕ್ಕರೆಗೆ ಪಾತ್ರನಾಗಿರುತ್ತಾನೆ; ಬೀದಿಯ ಅಂದ ಕೆಡುತ್ತದೆಂದು ಅವನನ್ನು ಅಲ್ಲಿಂದ ಓಡಿಸಲು ಬಯಸಿದ ಸಿರಿವಂತ ತಂದೆಮಗ, ಪ್ರೇಮಿಗಳ ದಿನದಂದು ಊರಿನವರೆಲ್ಲ ಬರೆದಂತೆ ತೋರುವ ನಿಂದೆಯ ಪತ್ರಗಳನ್ನು ಅವನಿಗೆ ಕಳುಹಿಸಿ, ಅವನು ಪ್ರಾಣ ಕಳೆದುಕೊಳ್ಳುವಂತೆ ಮಾಡುತ್ತಾರೆ; ಒಂದು ವರ್ಷದ ಬಳಿಕ ಅದೇ ದಿನ ಅವನ ಹೆಣ ಎದ್ದು ಬರುತ್ತದೆ. ಕೊನೆಯ ಚಿತ್ರ ಘೋರವಾದದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಬಡವನನ್ನು ನಾಲ್ಕು ಗೋಡೆಯೊಳಗೆ ಕುಳಿತು ನಯವಾಗಿ ಕೊಲ್ಲುವ ಸಭ್ಯಸ್ಥರ ಕ್ರೌರ್ಯವನ್ನು ಹದಿಮೂರು ವರ್ಷದ ಓದುಗನಿಗೆ ಅಷ್ಟು ನೇರವಾಗಿ ಹೇಳಿದ ಕಥೆಗಳು ಆ ಕಾಲದ ಅಮೆರಿಕದ ಮಕ್ಕಳ ಓದಿನಲ್ಲಿ ವಿರಳವಾಗಿದ್ದವು.

ಕಾಮಿಕ್ಸ್ ಓದುವುದರಿಂದ ಮಕ್ಕಳು ಅಪರಾಧಿಗಳಾಗುತ್ತಾರೆಂಬ ವಾದವನ್ನು ಮುಂದಿಟ್ಟವರಲ್ಲಿ ಮುಖ್ಯನಾದವನು ಮನೋವೈದ್ಯ ಫ್ರೆಡ್ರಿಕ್ ವರ್ಥಮ್. ಇವನನ್ನು ಬರಿಯ ಸಂಕುಚಿತ ದೃಷ್ಟಿಯವನೆಂದು ಬದಿಗೆ ಸರಿಸುವುದು ಅನ್ಯಾಯವಾದೀತು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ 1946ರಲ್ಲಿ ಕಪ್ಪು ಜನರಿಗಾಗಿ ಮನೋಚಿಕಿತ್ಸಾಲಯವನ್ನು ತೆರೆದವನು ಇವನೇ. ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದವನೂ ಇವನೇ. ಮಕ್ಕಳ ಬಗ್ಗೆ ಅವನಿಗಿದ್ದ ಕಾಳಜಿ ನಿಜವಾದದ್ದೇ ಆಗಿತ್ತು. ಆದರೆ 1954ರಲ್ಲಿ ಪ್ರಕಟವಾದ ಅವನ 'ಸೆಡಕ್ಷನ್ ಆಫ್ ದಿ ಇನ್ನೊಸೆಂಟ್' ಎಂಬ ಗ್ರಂಥದ ಆಧಾರಗಳು ಗಟ್ಟಿಯಾಗಿರಲಿಲ್ಲ: ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದ್ದ ಅವನ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ತೆರೆದ ಮೇಲೆ ಅವುಗಳನ್ನು ಪರಿಶೀಲಿಸಿದ ಕ್ಯಾರಲ್ ಟಿಲ್ಲಿ, ವರ್ಥಮ್ ಮಕ್ಕಳ ಹೇಳಿಕೆಗಳನ್ನು ತನ್ನ ವಾದಕ್ಕೆ ಒಗ್ಗುವಂತೆ ತಿದ್ದಿದ್ದನ್ನೂ ಒಂದು ಮಗುವಿನ ಮಾತನ್ನು ಮತ್ತೊಂದರ ಜೊತೆ ಬೆರೆಸಿದ್ದನ್ನೂ 2012ರಲ್ಲಿ ದಾಖಲಿಸಿದರು. ಮಕ್ಕಳ ಪರವಾಗಿ ಬರೆದ ಗ್ರಂಥದಲ್ಲಿ ಮಕ್ಕಳ ಮಾತೇ ಉಳಿಯಲಿಲ್ಲವೆಂಬುದು ಈ ಪ್ರಕರಣದ ಅತ್ಯಂತ ನೋವಿನ ಸಂಗತಿ. ಆ ಗ್ರಂಥ ಬರುವುದಕ್ಕೂ ಮೊದಲೇ, 1948ರಲ್ಲಿ, ವರ್ಥಮ್‌ನ ಲೇಖನವೊಂದಕ್ಕೆ ಉತ್ತರವಾಗಿ 14 ವರ್ಷದ ಹುಡುಗನೊಬ್ಬನು 'ಸ್ಯಾಟರ್ಡೇ ರಿವ್ಯೂ ಆಫ್ ಲಿಟರೇಚರ್' ಪತ್ರಿಕೆಗೆ ದೀರ್ಘ ಪತ್ರ ಬರೆದು, ಕಾಮಿಕ್ಸ್ ಹುಟ್ಟುವ ಮೊದಲೂ ಜಗತ್ತಿನಲ್ಲಿ ಕೊಲೆಗಳು ನಡೆದಿದ್ದವೆಂದು ವಾದಿಸಿದ್ದನು. ಆ ದನಿಯನ್ನು ಕೇಳಿಸಿಕೊಂಡವರು ಕಡಿಮೆ.

1954ರ ಏಪ್ರಿಲ್ 21ರಂದು ಬಾಲಾಪರಾಧವನ್ನು ಕುರಿತ ಅಮೆರಿಕದ ಸೆನೆಟ್ ಉಪಸಮಿತಿಯು ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿದಾಗ ವರ್ಥಮ್ ಮತ್ತು ಗೇನ್ಸ್ ಇಬ್ಬರೂ ಸಾಕ್ಷ್ಯ ನುಡಿದರು. ಸೆನೆಟರ್ ಎಸ್ಟೆಸ್ ಕೆಫಾವರ್ ಕಡಿದ ತಲೆಯ ಚಿತ್ರವಿದ್ದ ಮುಖಪುಟವೊಂದನ್ನು ಎತ್ತಿಹಿಡಿದು ಇದು ಸದಭಿರುಚಿಯೇ ಎಂದು ಕೇಳಿದಾಗ, ಭಯಾನಕ ಪತ್ರಿಕೆಯ ಮುಖಪುಟಕ್ಕೆ ಇದು ಸದಭಿರುಚಿಯೇ ಸರಿ ಎಂದು ಗೇನ್ಸ್ ಉತ್ತರಿಸಿದ್ದು ಮರುದಿನದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮುಖಪುಟದ ಬಗ್ಗೆ ನಡೆದಷ್ಟು ಚರ್ಚೆ ಒಳಗಿನ ಕಥೆಗಳ ಬಗ್ಗೆ ನಡೆಯಲಿಲ್ಲ. ಸರ್ಕಾರ ಕಾನೂನು ತಂದೀತೆಂಬ ಅಂಜಿಕೆಯಿಂದ ಪ್ರಕಾಶಕರು ತಾವೇ ಒಂದು ಸಂಘವನ್ನು ಕಟ್ಟಿಕೊಂಡು, ಅದೇ ವರ್ಷದ ಅಕ್ಟೋಬರಿನಲ್ಲಿ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿಯನ್ನು ಅಂಗೀಕರಿಸಿದರು. ಅದರ ಮುದ್ರೆಯಿಲ್ಲದ ಪತ್ರಿಕೆಯನ್ನು ಬಹುತೇಕ ವಿತರಕರು ಅಂಗಡಿಗಳಿಗೆ ಮುಟ್ಟಿಸುತ್ತಿರಲಿಲ್ಲವಾದ್ದರಿಂದ ಅದು ಕಾನೂನಲ್ಲದಿದ್ದರೂ ಕಾನೂನಿನಷ್ಟೇ ಬಿಗಿಯಾಗಿತ್ತು. ನಡೆಯುವ ಹೆಣ, ರಕ್ತಪಿಶಾಚಿ, ಹೆಣ ತಿನ್ನುವ ಪಿಶಾಚಿ, ತೋಳಮಾನವ, ನರಭಕ್ಷಣೆ ಇವೆಲ್ಲವೂ ನಿಷಿದ್ಧವಾದವು. ಹಾರರ್, ಟೆರರ್ ಎಂಬ ಪದಗಳು ಪತ್ರಿಕೆಯ ಹೆಸರಿನಲ್ಲಿ ಇರಕೂಡದೆಂದಾಯಿತು. ಇಷ್ಟರಲ್ಲೇ ನಿಲ್ಲದೆ, ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಕಥೆ ಬರೆಯಬಾರದೆಂದೂ ಪ್ರತಿಯೊಂದು ಕಥೆಯಲ್ಲೂ ಒಳಿತೇ ಗೆಲ್ಲಬೇಕೆಂದೂ ಕೋಡ್ ವಿಧಿಸಿತು. ಹೆಣಕ್ಕಿಂತ ಹೆಚ್ಚಾಗಿ ಈ ಎರಡನೆಯ ಬಗೆಯ ನಿಷೇಧವೇ ಎಳೆಯ ಓದುಗರಿಗೆ ನಷ್ಟವನ್ನುಂಟುಮಾಡಿತೆಂದು ಹೇಳಬೇಕಾಗುತ್ತದೆ. ಗ್ರಹವೊಂದರ ರೋಬೋಟುಗಳು ಬಣ್ಣದ ಆಧಾರದ ಮೇಲೆ ಭೇದವೆಣಿಸುವುದನ್ನು ಕಂಡು ಅವುಗಳನ್ನು ತಿರಸ್ಕರಿಸಿ ಹೋಗುವ ಗಗನಯಾನಿ ಸ್ವತಃ ಕಪ್ಪು ಮನುಷ್ಯನೆಂದು ಕೊನೆಯ ಚೌಕಟ್ಟಿನಲ್ಲಿ ತಿಳಿಸುವ 'ಜಡ್ಜ್‌ಮೆಂಟ್ ಡೇ' ಎಂಬ ಇಸಿ ಕಥೆ ಮರುಮುದ್ರಣಕ್ಕೆ ಬಂದಾಗ, ಆ ಗಗನಯಾನಿ ಕಪ್ಪು ಬಣ್ಣದವನಾಗಿರಬಾರದೆಂದು ಕೋಡಿನ ಆಡಳಿತಾಧಿಕಾರಿ ಹಟ ಹಿಡಿದನು. ಗೇನ್ಸ್ ಮಣಿಯದೆ ಅದನ್ನು ಇದ್ದಂತೆಯೇ ಅಚ್ಚುಮಾಡಿ, ಆ ಬಳಿಕ ಕಾಮಿಕ್ಸ್ ಪ್ರಕಟಣೆಯನ್ನೇ ಬಿಟ್ಟು, ವಿಡಂಬನೆಯ 'ಮ್ಯಾಡ್' ಪತ್ರಿಕೆಯಲ್ಲಿ ತೊಡಗಿಕೊಂಡನು.

ಅದೇ 1954ರ ಸೆಪ್ಟೆಂಬರಿನಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ನೂರಾರು ಮಕ್ಕಳು ಕಬ್ಬಿಣದ ಹಲ್ಲಿನ ಪಿಶಾಚಿಯೊಂದನ್ನು ಬೇಟೆಯಾಡಲೆಂದು ಸ್ಮಶಾನಕ್ಕೆ ನುಗ್ಗಿದ ಘಟನೆ ನಡೆದಾಗ ಅದರ ಹೊಣೆಯನ್ನೂ ಅಮೆರಿಕದ ಕಾಮಿಕ್ಸ್‌ನ ಮೇಲೆ ಹೊರಿಸಲಾಯಿತು. ಬ್ರಿಟನ್ನಿನ ಸಂಸತ್ತು 1955ರಲ್ಲಿ ಇಂಥ ಪ್ರಕಟಣೆಗಳ ವಿರುದ್ಧ ಕಾಯಿದೆ ಮಾಡಿತು. ಅದನ್ನು ಬಹುಮಟ್ಟಿಗೆ ಹೋಲುವ ಎಳೆಯರ ಹಾನಿಕಾರಕ ಪ್ರಕಟಣೆಗಳ ಕಾಯಿದೆ ಭಾರತದಲ್ಲಿ 1956ರಲ್ಲಿ ಬಂದಿತು. ಇಪ್ಪತ್ತು ವರ್ಷದೊಳಗಿನವರನ್ನು ಎಳೆಯರೆಂದು ಪರಿಗಣಿಸುವ ಈ ಭಾರತೀಯ ಕಾಯಿದೆ ಅಪರಾಧ, ಹಿಂಸೆ, ಕ್ರೌರ್ಯ, ಜುಗುಪ್ಸೆ ಹುಟ್ಟಿಸುವ ಘಟನೆಗಳನ್ನು ಹೆಸರಿಸುತ್ತದೆಯಾದರೂ, ಅವು ಇದ್ದ ಮಾತ್ರಕ್ಕೆ ಪುಸ್ತಕವನ್ನು ಹಾನಿಕಾರಕವೆನ್ನುವುದಿಲ್ಲ. ಪ್ರಕಟಣೆಯನ್ನು ಇಡಿಯಾಗಿ ನೋಡಿದಾಗ ಅದು ಎಳೆಯ ಮನಸ್ಸನ್ನು ಕೆಡಿಸುವಂತಿದೆಯೇ ಎಂದು ಕೇಳುತ್ತದೆ. ಕಾಯಿದೆಯ ಭಾಷೆಯಲ್ಲಿ ಕೆಡಿಸುವುದು ಎಂಬುದಕ್ಕೆ ಬಹಳ ಸಡಿಲವಾದ ಅರ್ಥವಿದೆಯೆಂಬುದು ನಿಜ. ಆದರೂ ಇಡಿಯಾಗಿ ನೋಡುವ ಈ ಕ್ರಮ ಅಮೆರಿಕದ ಕೋಡಿನ ಪಟ್ಟಿಗಿಂತ ಸಾಹಿತ್ಯಕ್ಕೆ ಹತ್ತಿರವಾದದ್ದು. ಪಟ್ಟಿಯ ನ್ಯೂನತೆ 1971ರಲ್ಲಿ ಸ್ಪಷ್ಟವಾಗಿ ಕಂಡಿತು. ಆ ವರ್ಷ ಕೋಡನ್ನು ಪರಿಷ್ಕರಿಸಿದಾಗ ರಕ್ತಪಿಶಾಚಿ, ತೋಳಮಾನವರಿಗೆ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ಗಳಂಥ ಮಾನ್ಯ ಸಾಹಿತ್ಯಕೃತಿಗಳ ಬೆಂಬಲವಿದೆಯೆಂದು ಪ್ರವೇಶ ನೀಡಲಾಯಿತು. ಅಂಥ ಗ್ರಂಥದ ಬೆಂಬಲವಿಲ್ಲದ, ಗುಲಾಮರ ನೋವಿನಲ್ಲಿ ಹುಟ್ಟಿದ ಜೋಂಬಿ ಮಾತ್ರ ಹೊರಗೇ ಉಳಿಯಿತು. ಮಾರ್ವೆಲ್ ಸಂಸ್ಥೆ 1973ರಲ್ಲಿ 'ಟೇಲ್ಸ್ ಆಫ್ ದ ಜೋಂಬಿ'ಯನ್ನು ಹೊರತಂದದ್ದು ಕೋಡಿನ ವ್ಯಾಪ್ತಿಗೆ ಬಾರದ ದೊಡ್ಡ ಆಕಾರದ ಕಪ್ಪುಬಿಳುಪು ನಿಯತಕಾಲಿಕೆಯ ರೂಪದಲ್ಲಿ.

ಭಯ ಕಾಮಿಕ್ಸ್‌ನಲ್ಲಿ ಹುಟ್ಟುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನಿಷೇಧದ ಪಟ್ಟಿ ಬರೆದವರು ಗಮನಿಸದೆ ಬಿಟ್ಟದ್ದು ಇದನ್ನೇ. ಕಾಮಿಕ್ಸ್ ಪುಟವೆಂದರೆ ಚೌಕಟ್ಟುಗಳ ಸಾಲು. ಎರಡು ಚೌಕಟ್ಟುಗಳ ನಡುವೆ ಒಂದು ಬಿಳಿಯ ತೆರಪು ಇರುತ್ತದೆ. ಮೊದಲನೆಯ ಚೌಕಟ್ಟಿನಲ್ಲಿ ಎತ್ತಿದ ಕೊಡಲಿ, ಎರಡನೆಯದರಲ್ಲಿ ರಾತ್ರಿಯ ಊರಿನ ಮೇಲೆ ಒಂದು ಚೀತ್ಕಾರ. ಪೆಟ್ಟು ಬಿದ್ದದ್ದು ತೆರಪಿನಲ್ಲಿ, ಅದನ್ನು ಹಾಕಿದವನು ಓದುಗನೇ ಎಂದು ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಪ್ರಕಟಿಸಿದ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಗ್ರಂಥದಲ್ಲಿ ವಿವರಿಸಿದ್ದಾನೆ. ಸಿನಿಮಾ ನೋಡುವವನ ಮುಂದೆ ದೃಶ್ಯಗಳು ತಮ್ಮ ವೇಗದಲ್ಲಿ ಓಡುತ್ತವೆ. ಕಾಮಿಕ್ಸ್ ಓದುಗನಾದರೋ ಬೇಕೆಂದಲ್ಲಿ ನಿಲ್ಲಬಹುದು, ಹಿಂದಿನ ಪುಟಕ್ಕೆ ಮರಳಬಹುದು, ತಾನು ಸಿದ್ಧನಾಗುವವರೆಗೆ ಹಾಳೆ ತಿರುಗಿಸದೆ ಇರಬಹುದು. ಭಯದ ಪ್ರಮಾಣವನ್ನು ಓದುಗನೇ ನಿಯಂತ್ರಿಸಿಕೊಳ್ಳುವ ಈ ಅವಕಾಶವು ಹನ್ನೆರಡು ಹದಿಮೂರರ ವಯಸ್ಸಿನವರಿಗೆ ಬಹಳ ದೊಡ್ಡದು. ಭಯವನ್ನು ತಾಳಿಕೊಳ್ಳುವ ಶಕ್ತಿ ತನ್ನಲ್ಲಿ ಎಷ್ಟಿದೆಯೆಂದು ಆ ವಯಸ್ಸಿನ ಮಗು ಅಳೆದು ನೋಡುವುದು ಇಂಥ ಪುಟಗಳ ಮುಂದೆಯೇ. ಆದ್ದರಿಂದ ಎಲ್ಲವನ್ನೂ ಚೌಕಟ್ಟಿನೊಳಗೆ ತುಂಬಿ ಕರುಳು ಬಗೆದು ತೋರಿಸುವ ಚಿತ್ರಕಾರನು ತೆರಪಿನ ಕೆಲಸವನ್ನು ಕಸಿದುಕೊಂಡು ಓದುಗನನ್ನು ಬರಿಯ ನೋಡುಗನನ್ನಾಗಿ ಮಾಡುತ್ತಾನೆ. ಅಂಥ ಪುಸ್ತಕಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ, ಮತ್ತು ಅವುಗಳ ಬಗ್ಗೆ ಹಿರಿಯರಿಗಿರುವ ಬೇಸರ ನ್ಯಾಯವಾದದ್ದೇ.

ಇಂದಿನ ಜೋಂಬಿಗೆ ರೂಪ ಕೊಟ್ಟವನು ಇಸಿ ಪತ್ರಿಕೆಗಳನ್ನು ಓದಿ ಬೆಳೆದ ಚಲನಚಿತ್ರ ನಿರ್ದೇಶಕ ಜಾರ್ಜ್ ರೊಮೆರೊ. 1968ರಲ್ಲಿ ತೆರೆಕಂಡ ಅವನ 'ನೈಟ್ ಆಫ್ ದ ಲಿವಿಂಗ್ ಡೆಡ್'ನಲ್ಲಿ ಮಾಂತ್ರಿಕನಿಲ್ಲ, ಸೇಡಿನ ನೆನಪಿಲ್ಲ. ಹೆಣಗಳು ಗುಂಪುಗುಂಪಾಗಿ ಬರುತ್ತವೆ, ಮನೆಯೊಂದರಲ್ಲಿ ಅಡಗಿದವರು ತಮ್ಮತಮ್ಮಲ್ಲೇ ಕಚ್ಚಾಡಿ ಹಾಳಾಗುತ್ತಾರೆ. ಅಲ್ಲಿಂದ ಮುಂದೆ ಜೋಂಬಿ ಕಥೆಯೆಂದರೆ ಬದುಕುಳಿದವರ ಕಥೆಯೆಂದಾಯಿತು. 2003ರಿಂದ 2019ರವರೆಗೆ 193 ಸಂಚಿಕೆಗಳಲ್ಲಿ ಬಂದ ರಾಬರ್ಟ್ ಕರ್ಕ್‌ಮನ್‌ನ 'ದ ವಾಕಿಂಗ್ ಡೆಡ್', ಕೋಡ್ ನಿಷೇಧಿಸಿದ್ದ ನಡೆಯುವ ಹೆಣವನ್ನೇ ತನ್ನ ಹೆಸರಾಗಿಸಿಕೊಂಡು, ಕಪ್ಪುಬಿಳುಪಿನಲ್ಲಿ ಈ ದಾರಿಯನ್ನು ಬಹುದೂರ ಕೊಂಡೊಯ್ದಿತು. ಆದರೆ ಅದು ವಯಸ್ಕರಿಗಾಗಿ ಬರೆದ ಕೃತಿ.

ಹದಿಹರೆಯದವರನ್ನೇ ಉದ್ದೇಶಿಸಿದ ಕೃತಿಗಳಲ್ಲಿ 2013ರಲ್ಲಿ ಆರಂಭವಾದ 'ಆಫ್ಟರ್‌ಲೈಫ್ ವಿತ್ ಆರ್ಚಿ' ವಿಶೇಷ ಗಮನಕ್ಕೆ ಅರ್ಹವಾಗಿದೆ. ಬೆಂಗಳೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಆರ್ಚಿ ಕಾಮಿಕ್ಸ್ ತಂದು ಓದಿದವರಿಗೆ ರಿವರ್‌ಡೇಲ್ ಎಂಬ ಆ ನಗುನಗುತ್ತಿರುವ ಊರು ಚೆನ್ನಾಗಿ ಗೊತ್ತು. ಆರ್ಚಿಯ ಪ್ರಕಾಶಕರಲ್ಲೊಬ್ಬನಾದ ಜಾನ್ ಗೋಲ್ಡ್‌ವಾಟರ್ 1954ರಲ್ಲಿ ಕೋಡನ್ನು ರೂಪಿಸಿದ ಸಂಘದ ಅಧ್ಯಕ್ಷನಾಗಿದ್ದನು; ಅವನ ಸಂಸ್ಥೆ 2011ರಲ್ಲಿ ಕೋಡನ್ನು ತೊರೆದಾಗ ಅದನ್ನು ಪಾಲಿಸುವ ಪ್ರಮುಖ ಪ್ರಕಾಶಕರು ಬೇರೆ ಯಾರೂ ಉಳಿದಿರಲಿಲ್ಲ. ಎರಡು ವರ್ಷಗಳ ಬಳಿಕ ಅದೇ ಸಂಸ್ಥೆ, ರೊಬರ್ಟೊ ಅಗೀರೆ ಸಕಾಸ ಬರೆದು ಫ್ರಾನ್ಸೆಸ್ಕೊ ಫ್ರಾಂಕವಿಲ್ಲ ಚಿತ್ರಿಸಿದ ಈ ಕಥೆಯಲ್ಲಿ ರಿವರ್‌ಡೇಲಿನ ಬೀದಿಗಳಿಗೆ ಹೆಣಗಳನ್ನು ಬಿಟ್ಟಿತು. ಜಗ್‌ಹೆಡ್ ಎಂಬ ಹುಡುಗನ ನಾಯಿ ಕಾರಿಗೆ ಸಿಕ್ಕಿ ಸಾಯುತ್ತದೆ. ಅದನ್ನು ಬಿಟ್ಟಿರಲಾರದೆ ಅವನು ಮಾಂತ್ರಿಕ ಹುಡುಗಿ ಸಬ್ರಿನಾಳ ಬಳಿ ಹೋಗಿ ಬದುಕಿಸಿಕೊಡೆಂದು ಬೇಡುತ್ತಾನೆ. ಮರಳಿ ಬಂದ ನಾಯಿ ಅವನನ್ನೇ ಕಚ್ಚುತ್ತದೆ. ಊರು ಹಾಳಾಗುವುದು ದುಷ್ಟನೊಬ್ಬನ ಸಂಚಿನಿಂದಲ್ಲ, ಅಗಲಿಕೆಯನ್ನು ಒಪ್ಪಿಕೊಳ್ಳಲಾರದ ಮಗುವಿನ ಪ್ರೀತಿಯಿಂದ. ಮುಂದೆ ಆರ್ಚಿ ಜೋಂಬಿಯಾಗಿರುವ ತನ್ನ ತಂದೆಯನ್ನೇ ಎದುರಿಸಬೇಕಾಗಿ ಬರುತ್ತದೆ, ಮತ್ತು ಆ ಸಂಚಿಕೆಯ ಕಿತ್ತಳೆ ಕಪ್ಪು ಬಣ್ಣಗಳ ಪುಟಗಳಲ್ಲಿ ರಕ್ತಕ್ಕಿಂತ ತಂದೆಮಗನ ಹಳೆಯ ದಿನಗಳ ನೆನಪುಗಳಿಗೆ ಹೆಚ್ಚಿನ ಸ್ಥಳ ದೊರೆತಿದೆ. ಬೀಭತ್ಸವು ಕರುಣಕ್ಕೆ ದಾರಿಯಾಗುವುದು ಹೀಗೆ.

ಜಪಾನಿನಲ್ಲಿ ಕಾಮಿಕ್ಸ್‌ಗೆ ಮಾಂಗಾ ಎಂದು ಹೆಸರು. ನೊರಿಮಿತ್ಸು ಕೈಹೊ ಬರೆದು ಸದೊರು ಚಿಬಾ ಚಿತ್ರಿಸಿದ, 2012ರಲ್ಲಿ ಆರಂಭವಾದ 'ಗಕ್ಕೊ ಗುರಾಶಿ' ಎಂಬ ಮಾಂಗಾದಲ್ಲಿ ದೊಡ್ಡ ಕಣ್ಣುಗಳ ಮುದ್ದಾದ ಶಾಲಾ ಹುಡುಗಿಯರು ಶಾಲೆಯಲ್ಲೇ ವಾಸಿಸುವ ಸಂಘವೊಂದನ್ನು ಕಟ್ಟಿಕೊಂಡು ಆಟಪಾಠಗಳಲ್ಲಿ ದಿನ ಕಳೆಯುತ್ತಾರೆ. ಮೊದಲ ಅಧ್ಯಾಯದ ಕೊನೆಯಲ್ಲಿ ಓದುಗನಿಗೆ ತಿಳಿಯುತ್ತದೆ: ಕಿಟಕಿಗಳು ಒಡೆದಿವೆ, ಅಂಗಳದಲ್ಲಿ ಹೆಣಗಳು ಅಲೆಯುತ್ತಿವೆ, ಎಲ್ಲವೂ ಮೊದಲಿನಂತೆಯೇ ಇದೆಯೆಂದು ನಂಬಿರುವವಳು ಯೂಕಿ ಎಂಬ ಹುಡುಗಿಯೊಬ್ಬಳೇ. ಅವಳು ದಿನವೂ ಮಾತನಾಡಿಸುವ ಅಕ್ಕರೆಯ ಶಿಕ್ಷಕಿ ಬಹಳ ಹಿಂದೆಯೇ ಸತ್ತಿದ್ದಾಳೆ. ಗೆಳತಿಯರು ಅವಳ ಭ್ರಮೆಯನ್ನು ಒಡೆಯುವುದಿಲ್ಲ. ಆ ಭ್ರಮೆಯ ಆಸರೆಯಲ್ಲಿ ತಾವೂ ನಗಲು ಕಲಿಯುತ್ತಾರೆ. ದುಃಖಕ್ಕೆ ಮನಸ್ಸು ಹುಡುಕಿಕೊಳ್ಳುವ ಆಶ್ರಯವನ್ನು ಇಷ್ಟು ಕೋಮಲವಾಗಿ ಎಳೆಯರಿಗೆ ಹೇಳಿದ ಕೃತಿಗಳು ಜೋಂಬಿಗಳಿಲ್ಲದ ಸಾಹಿತ್ಯದಲ್ಲೂ ಹೆಚ್ಚಿಲ್ಲ.

ಕೊರಿಯಾದಲ್ಲಿ ಈ ಕಲೆ ಕಾಗದವನ್ನೇ ಬಿಟ್ಟು ಮೊಬೈಲ್ ಪರದೆಗೆ ಬಂದಿದೆ. ವೆಬ್‌ಟೂನ್ ಎಂಬ ಈ ರೂಪದಲ್ಲಿ ಚಿತ್ರಗಳು ಮೇಲಿನಿಂದ ಕೆಳಕ್ಕೆ ಒಂದೇ ಉದ್ದನೆಯ ಪಟ್ಟಿಯಾಗಿ ಸಾಗುತ್ತವೆ. ಪುಟ ತಿರುಗಿಸುವ ಕ್ಷಣವಿಲ್ಲವಾದ್ದರಿಂದ ಚಿತ್ರಕಾರರು ಎರಡು ಚಿತ್ರಗಳ ನಡುವಿನ ಖಾಲಿ ಜಾಗವನ್ನು ಉದ್ದವಾಗಿಸಿ, ಬೆರಳು ಸರಿಯುತ್ತಿರುವಷ್ಟು ಹೊತ್ತು ಓದುಗನನ್ನು ಕಾಯಿಸುತ್ತಾರೆ. ಜೂ ಡೊಂಗ್ ಗ್ಯೂನ್ 2009ರಿಂದ 2011ರವರೆಗೆ ಪ್ರಕಟಿಸಿದ, ಪ್ರೌಢಶಾಲೆಯೊಂದರೊಳಗೆ ಸಿಕ್ಕಿಬಿದ್ದ ವಿದ್ಯಾರ್ಥಿಗಳ ಕಥೆ 2022ರಲ್ಲಿ 'ಆಲ್ ಆಫ್ ಅಸ್ ಆರ್ ಡೆಡ್' ಎಂಬ ಹೆಸರಿನಲ್ಲಿ ನೆಟ್‌ಫ್ಲಿಕ್ಸ್ ಧಾರಾವಾಹಿಯಾಗಿ ಕರ್ನಾಟಕದ ಮನೆಗಳಿಗೂ ತಲುಪಿದೆ. ಆ ಧಾರಾವಾಹಿಯಲ್ಲಿ ಜನರನ್ನು ಜೋಂಬಿಗಳನ್ನಾಗಿಸುವ ರೋಗ ಹುಟ್ಟುವುದು, ಸಹಪಾಠಿಗಳ ಹಿಂಸೆಯಿಂದ ನಲುಗಿದ ಮಗನನ್ನು ಗಟ್ಟಿಗನನ್ನಾಗಿಸಲು ಹೊರಟ ವಿಜ್ಞಾನ ಶಿಕ್ಷಕನ ಪ್ರಯೋಗದಿಂದ.

ಕನ್ನಡದ ಎಳೆಯ ಓದುಗರಿಗೆ ಮಾತನಾಡುವ ಹೆಣ ಹೊಸತೇನೂ ಅಲ್ಲ. 1949ರಲ್ಲಿ ಆರಂಭವಾದ ಕನ್ನಡ ಚಂದಮಾಮದಲ್ಲಿ ಹಲವು ದಶಕಗಳ ಕಾಲ ಬೇತಾಳನ ಕಥೆಗಳು ಬಂದವು. ಶಂಕರ್ ಎಂದೇ ಹೆಸರಾದ ಕೆ. ಸಿ. ಶಿವಶಂಕರನ್ ಬಿಡಿಸಿದ, ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ರಾಜನ ಚಿತ್ರ ಆ ಪತ್ರಿಕೆಯ ಗುರುತೇ ಆಗಿತ್ತು. ಸ್ಮಶಾನ, ತಲೆಬುರುಡೆ, ಮರಕ್ಕೆ ನೇತಾಡುವ ಶವ ಇವೆಲ್ಲ ಅಲ್ಲಿದ್ದವು, ಅಮೆರಿಕದ ಕೋಡಿನ ಪ್ರಕಾರ ಒಂದು ಸಂಚಿಕೆಯೂ ಅಚ್ಚಾಗುವಂತಿರಲಿಲ್ಲ. ಆದರೂ ತಾಯಂದಿರು ಅದನ್ನು ಮಕ್ಕಳಿಗೆ ಓದಿ ಹೇಳಿದರು, ಏಕೆಂದರೆ ಕಥೆಯ ತುದಿಯಲ್ಲಿ ಹೆಣವು ನ್ಯಾಯಾನ್ಯಾಯಗಳ ಬಗ್ಗೆ ಒಂದು ಕಠಿಣವಾದ ಪ್ರಶ್ನೆಯನ್ನು ಕೇಳುತ್ತಿತ್ತು, ಮತ್ತು ರಾಜನು ಬಾಯಿ ತೆರೆಯುವ ಮೊದಲೇ ಮಗು ತನ್ನ ಉತ್ತರವನ್ನು ಯೋಚಿಸಿಕೊಳ್ಳಬೇಕಾಗುತ್ತಿತ್ತು. ಇಂಥ ಪ್ರಶ್ನೆ ಕೇಳುವ ಹೆಣವನ್ನು ಇಂದಿನ ಹದಿನಾಲ್ಕು ವರ್ಷದವರ ಶಾಲೆ, ಮನೆ, ಬೀದಿಗಳಿಗೆ ತಂದು ನಿಲ್ಲಿಸುವ ಚಿತ್ರಕಥೆಗೆ ಕನ್ನಡದಲ್ಲಿ ಬೇಕಾದಷ್ಟು ಸಾಮಗ್ರಿಯಿದೆ. ಅದನ್ನು ಕೈಗೆತ್ತಿಕೊಳ್ಳುವ ಬರಹಗಾರನೂ ಚಿತ್ರಕಾರನೂ ಜೊತೆಯಾಗಿ ಕುಳಿತು, ಚೌಕಟ್ಟಿನೊಳಗೆ ಎಷ್ಟನ್ನು ತೋರಿಸಬೇಕು, ತೆರಪಿಗೆ ಎಷ್ಟನ್ನು ಬಿಡಬೇಕು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕಾಗುತ್ತದೆ.